ಸವಕಳಿಯ ಲೆಕ್ಕ: ವಿದ್ಯುತ್ ಸ್ಥಾವರದ ಬೆಲೆಯನ್ನು ಯಾರು, ಯಾವಾಗ ತೆರಬೇಕು?

ಗ್ರಾಹಕ: ದರ ಪರಿಷ್ಕರಣೆಗೆ ಅರ್ಜಿ ಹಾಕುವ ವಿದ್ಯುತ್ ಕಂಪನಿಯ ವೆಚ್ಚದ ಪಟ್ಟಿಯಲ್ಲಿ ಸವಕಳಿಯದೂ ಒಂದು ಸಾಲು ಇರುತ್ತದೆ. ಸಂಬಳಕ್ಕೆ, ಕಲ್ಲಿದ್ದಲಿಗೆ, ದುರಸ್ತಿಗೆ ಕೈಯಿಂದ ದುಡ್ಡು ಹೋಗುತ್ತದೆ. ಸವಕಳಿಯ ಹೆಸರಿನಲ್ಲಿ ಮಾತ್ರ ಆ ವರ್ಷ ಯಾರಿಗೂ ಒಂದು ಪೈಸೆ ಕೊಡುವುದಿಲ್ಲ. ಅಂಥದ್ದನ್ನು ಬಿಲ್ಲಿಗೆ ಸೇರಿಸುವುದು ನ್ಯಾಯವೇ?

ಲೆಕ್ಕಿಗ: ಆ ದುಡ್ಡು ಮೊದಲೇ ಹೋಗಿದೆ. ಸ್ಥಾವರ ಕಟ್ಟುವಾಗ ಗುತ್ತಿಗೆದಾರರಿಗೆ, ಯಂತ್ರ ತಯಾರಕರಿಗೆ ನೂರಾರು ಕೋಟಿ ಪಾವತಿಯಾಗಿರುತ್ತದೆ. ಆ ಮೊತ್ತವನ್ನೆಲ್ಲ ಮೊದಲ ವರ್ಷದ ಗ್ರಾಹಕರ ಮೇಲೇ ಹೇರಿದರೆ ಅವರು ತಾಳಲಾರರು. ಮುಂದಿನ ಇಪ್ಪತ್ತು ಮೂವತ್ತು ವರ್ಷ ಅದೇ ಸ್ಥಾವರದಿಂದ ವಿದ್ಯುತ್ ಪಡೆಯುವವರಿಗೆ ಅದು ಪುಕ್ಕಟೆ ಸಿಕ್ಕಂತಾಗುತ್ತದೆ. ಆದ್ದರಿಂದ ಸ್ಥಾವರದ ಮೂಲವೆಚ್ಚವನ್ನು ಅದು ಸೇವೆ ಕೊಡುವ ವರ್ಷಗಳಿಗೆ ಹಂಚುತ್ತಾರೆ. ಒಂದೊಂದು ವರ್ಷಕ್ಕೆ ಬೀಳುವ ಪಾಲೇ ಆ ವರ್ಷದ ಸವಕಳಿ. ಇಡೀ ಲೆಕ್ಕಕ್ಕೆ ಆಧಾರವಾದ ನಿಯಮ ಒಂದೇ: ಸ್ಥಾವರಕ್ಕೆ ಹಾಕಿದ ಪ್ರತಿ ರೂಪಾಯಿಯೂ ಗ್ರಾಹಕರಿಂದ ಒಮ್ಮೆ ವಸೂಲಾಗಬೇಕು, ಒಂದೇ ಒಂದು ಸಲ ವಸೂಲಾಗಬೇಕು.

ಗ್ರಾಹಕ: ಸಕ್ಕರೆ ಕಾರ್ಖಾನೆ, ಬಟ್ಟೆ ಗಿರಣಿಗಳೂ ಸವಕಳಿ ಬರೆಯುತ್ತವೆ. ವಿದ್ಯುತ್ ಕಂಪನಿಯ ಲೆಕ್ಕಕ್ಕೆ ಮಾತ್ರ ದರ ನಿಗದಿ ಮಾಡುವ ಆಯೋಗದ ನಿಯಂತ್ರಣ ಏಕೆ?

ಲೆಕ್ಕಿಗ: ಬಟ್ಟೆಯ ಬೆಲೆಯನ್ನು ಮಾರುಕಟ್ಟೆ ಕಟ್ಟುತ್ತದೆ. ಗಿರಣಿಯವರು ಹೆಚ್ಚು ಸವಕಳಿ ಬರೆದರೆ ಅವರ ಲಾಭ ಕಡಿಮೆಯಾಗಿ ಕಾಣುತ್ತದೆಯೇ ಹೊರತು ಬಟ್ಟೆಯ ಬೆಲೆ ಏರುವುದಿಲ್ಲ. ವಿದ್ಯುತ್ ಸರಬರಾಜಿನಲ್ಲಿ ಒಂದು ಪ್ರದೇಶಕ್ಕೆ ಸಾಮಾನ್ಯವಾಗಿ ಒಂದೇ ಕಂಪನಿ. ಅಲ್ಲಿ ಆಯೋಗವು ವೆಚ್ಚವನ್ನು ಪರಿಶೀಲಿಸಿ ಅದರ ಮೇಲೆ ದರ ಕಟ್ಟುತ್ತದೆ. ಹಾಗಾಗಿ ಸವಕಳಿ ಏರಿದರೆ ದರವೇ ಏರುತ್ತದೆ. ಭಾರತದಲ್ಲಿ ಈ ಅಧಿಕಾರಕ್ಕೆ ಈಗಿನ ಆಧಾರ 2003ರ ವಿದ್ಯುಚ್ಛಕ್ತಿ ಕಾಯ್ದೆ. ಕೇಂದ್ರ ಸರ್ಕಾರದ ಒಡೆತನದ ಉತ್ಪಾದನಾ ಕಂಪನಿಗಳಿಗೂ ಅಂತರರಾಜ್ಯ ಪ್ರಸರಣ ಮಾರ್ಗಗಳಿಗೂ 1998ರಲ್ಲಿ ಸ್ಥಾಪನೆಯಾದ ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ನಿಯಮ ಮಾಡುತ್ತದೆ. ರಾಜ್ಯದೊಳಗಿನ ಉತ್ಪಾದನೆ, ಪ್ರಸರಣ, ವಿತರಣೆಗೆ ರಾಜ್ಯ ಆಯೋಗಗಳಿವೆ. ಕರ್ನಾಟಕದ ಆಯೋಗ 1999ರಲ್ಲಿ ಆರಂಭವಾಯಿತು. ಎಸ್ಕಾಂಗಳು, ಅಂದರೆ ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂ, ಚಾಮುಂಡೇಶ್ವರಿ ಎಂಬ ವಿತರಣಾ ಕಂಪನಿಗಳು, ಅದರ ಮುಂದೆ ಲೆಕ್ಕ ಒಪ್ಪಿಸಬೇಕು.

ಗ್ರಾಹಕ: ಲೆಕ್ಕ ಎಲ್ಲಿಂದ ಶುರುವಾಗುತ್ತದೆ? ಕಂಪನಿ ಖರ್ಚು ಮಾಡಿದೆನೆಂದು ಹೇಳಿದ ಮೊತ್ತದಿಂದಲೇ?

ಲೆಕ್ಕಿಗ: ಆಯೋಗ ಒಪ್ಪಿದ ಬಂಡವಾಳ ವೆಚ್ಚದಿಂದ. ಯಂತ್ರದ ಬೆಲೆ, ಸಿವಿಲ್ ಕಾಮಗಾರಿ, ನಿರ್ಮಾಣದ ಅವಧಿಯ ಬಡ್ಡಿ, ಇವೆಲ್ಲ ಅದರಲ್ಲಿ ಸೇರುತ್ತವೆ. ಕಾಮಗಾರಿ ತಡವಾದದ್ದು ಕಂಪನಿಯ ತಪ್ಪಿನಿಂದಾದರೆ ಆ ತಡದಿಂದ ಹೆಚ್ಚಿದ ಬಡ್ಡಿಯನ್ನು ಆಯೋಗ ತಳ್ಳಿಹಾಕಬಹುದು. ತಳ್ಳಿಹಾಕಿದ ಮೊತ್ತಕ್ಕೆ ಸವಕಳಿಯೂ ಇಲ್ಲ, ಹೂಡಿದ ಬಂಡವಾಳಕ್ಕೆಂದು ಮಾಲೀಕರಿಗೆ ಕೊಡುವ ಪ್ರತಿಫಲವೂ ಇಲ್ಲ. ಒಪ್ಪಿದ ವೆಚ್ಚದಿಂದ ಮತ್ತೆರಡು ಬಾಬ್ತು ಕಳೆಯಬೇಕು. ಮೊದಲನೆಯದು ಜಮೀನು. ಸ್ವಂತ ಜಮೀನಿನ ಬಾಳಿಕೆಗೆ ಕೊನೆಯಿಲ್ಲವಾದ್ದರಿಂದ ಅದಕ್ಕೆ ಸವಕಳಿ ಇಲ್ಲ. ಗುತ್ತಿಗೆಗೆ ಪಡೆದ ಜಮೀನನ್ನೂ ಜಲವಿದ್ಯುತ್ ಯೋಜನೆಯ ಜಲಾಶಯದಡಿ ಮುಳುಗುವ ಜಮೀನನ್ನೂ ಇದರಿಂದ ಹೊರಗಿಟ್ಟಿದ್ದಾರೆ, ಅವುಗಳ ಬೆಲೆಗೆ ಸವಕಳಿ ಉಂಟು. ಎರಡನೆಯದು ಗುಜರಿ ಬೆಲೆ. ಕೊನೆಗೆ ಯಂತ್ರ ಕಳಚಿ ಮಾರಿದಾಗ ಬರಬಹುದಾದ ಬೆಲೆಯನ್ನು ಕೇಂದ್ರ ಆಯೋಗದ ನಿಯಮ ಶೇ. 10 ಎಂದು ಇಟ್ಟುಕೊಂಡಿದೆ. ಹಾಗಾಗಿ ಹೆಚ್ಚೆಂದರೆ ಶೇ. 90ರಷ್ಟನ್ನು ಮಾತ್ರ ಸವಕಳಿಯಾಗಿ ವಸೂಲು ಮಾಡಬಹುದು. ಕಂಪ್ಯೂಟರು, ತಂತ್ರಾಂಶಗಳಿಗೆ ಗುಜರಿ ಬೆಲೆ ಇಲ್ಲವೆಂದು ಪರಿಗಣಿಸಿ ಪೂರ್ತಿ ವೆಚ್ಚಕ್ಕೆ ಅವಕಾಶ ಕೊಟ್ಟಿದ್ದಾರೆ.

ಗ್ರಾಹಕ: ಎಷ್ಟು ವರ್ಷಕ್ಕೆ ಹಂಚುತ್ತಾರೆ?

ಲೆಕ್ಕಿಗ: ಬಾಳಿಕೆ ಅವಧಿಯನ್ನು ನಿಯಮವೇ ಹೇಳುತ್ತದೆ. ಕಲ್ಲಿದ್ದಲಿನ ಶಾಖೋತ್ಪನ್ನ ಸ್ಥಾವರಕ್ಕೆ 25 ವರ್ಷ, ಪ್ರಸರಣ ಮಾರ್ಗಕ್ಕೆ 35 ವರ್ಷ. ಜಲವಿದ್ಯುತ್ ಸ್ಥಾವರಕ್ಕೆ ಮೊದಲು 35 ವರ್ಷವಿತ್ತು, 2019ರ ನಿಯಮದಲ್ಲಿ 40 ಆಯಿತು. ಲೆಕ್ಕ ಶುರುವಾಗುವುದು ಸ್ಥಾವರವು ವಾಣಿಜ್ಯ ಉತ್ಪಾದನೆ ಆರಂಭಿಸಿದ ದಿನದಿಂದ. ವರ್ಷದ ನಡುವೆ ಆರಂಭವಾದರೆ ಆ ವರ್ಷಕ್ಕೆ ಅಷ್ಟು ದಿನಗಳ ಪಾಲು ಮಾತ್ರ. ಕಟ್ಟುತ್ತಿರುವಾಗ ಗ್ರಾಹಕರಿಗೆ ಸೇವೆ ಸಿಗುವುದಿಲ್ಲವಾದ್ದರಿಂದ ಆ ಅವಧಿಗೆ ಸವಕಳಿಯೂ ಇಲ್ಲ.

ಗ್ರಾಹಕ: ಹಾಗಾದರೆ ಶೇ. 90ನ್ನು 25ರಿಂದ ಭಾಗಿಸಿದರೆ ವರ್ಷಕ್ಕೆ ಶೇ. 3.6 ಬರುತ್ತದೆ. ಲೆಕ್ಕ ಮುಗಿಯಿತಲ್ಲ?

ಲೆಕ್ಕಿಗ: ಸರಳ ರೇಖಾ ಪದ್ಧತಿಯಲ್ಲಿ ಅಷ್ಟೇ. ಅದಕ್ಕೆ ಅಡ್ಡಬಂದದ್ದು ಸಾಲದ ಕಂತು. ಯೋಜನೆಯ ವೆಚ್ಚದಲ್ಲಿ ಶೇ. 70 ಸಾಲ, ಶೇ. 30 ಮಾಲೀಕರ ಬಂಡವಾಳ ಎಂಬುದು ನಿಯಂತ್ರಣದ ಲೆಕ್ಕದಲ್ಲಿ ರೂಢಿಯಾದ ಅನುಪಾತ. ಸಾಲ ಕೊಟ್ಟವರು 25 ವರ್ಷ ಕಾಯುವುದಿಲ್ಲ, ಹತ್ತು ಹನ್ನೆರಡು ವರ್ಷದೊಳಗೆ ಅಸಲು ಕೇಳುತ್ತಾರೆ. ಅಸಲು ತೀರಿಸಲು ಕಂಪನಿಗೆ ಇರುವ ಮುಖ್ಯ ಮೂಲ ಸವಕಳಿಯಾಗಿ ಬಂದ ಹಣವೇ. 1000 ಕೋಟಿ ರೂಪಾಯಿಯ ಸ್ಥಾವರವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಸಾಲ 700 ಕೋಟಿ. ಹತ್ತು ವರ್ಷದಲ್ಲಿ ತೀರಿಸಬೇಕೆಂದರೆ ವರ್ಷಕ್ಕೆ 70 ಕೋಟಿ ಬೇಕು, ಸವಕಳಿಯಿಂದ ಬರುವುದು 36 ಕೋಟಿ. ಈ ಕೊರತೆ ತುಂಬಲು 2009ರವರೆಗೆ ಕೇಂದ್ರ ಆಯೋಗದ ನಿಯಮಗಳಲ್ಲಿ ಮುಂಗಡ ಸವಕಳಿ ಎಂಬ ವ್ಯವಸ್ಥೆ ಇತ್ತು. ಮುಂದಿನ ವರ್ಷಗಳಲ್ಲಿ ಪಡೆಯಬೇಕಾದ ಸವಕಳಿಯನ್ನು ಸಾಲ ತೀರಿಸುವ ವರ್ಷಗಳಲ್ಲೇ ಪಡೆಯಲು ಅದು ಅವಕಾಶ ಕೊಡುತ್ತಿತ್ತು.

ಗ್ರಾಹಕ: ಮುಂಗಡದ ಬದಲಿಗೆ ಏನು ಬಂತು?

ಲೆಕ್ಕಿಗ: ಮುಂಗಡ ಸವಕಳಿಯ ಅಗತ್ಯ ಇರಬಾರದೆಂದು 2006ರ ರಾಷ್ಟ್ರೀಯ ದರ ನೀತಿ ಹೇಳಿತು. 2009ರ ನಿಯಮ ಅದನ್ನು ಕೈಬಿಟ್ಟು ಸವಕಳಿಯ ದರವನ್ನೇ ಏರಿಸಿತು. ಮುಖ್ಯ ಯಂತ್ರೋಪಕರಣಗಳಿಗೆ ಮೊದಲ 12 ವರ್ಷ ಶೇ. 5.28, ಆಮೇಲೆ ಉಳಿದದ್ದನ್ನು ಉಳಿದ ಬಾಳಿಕೆಗೆ ಸಮನಾಗಿ ಹಂಚುವುದು. ಉದಾಹರಣೆಯ ಸ್ಥಾವರದಲ್ಲಿ ಎಲ್ಲ ಆಸ್ತಿಗೂ ಅದೇ ದರವೆಂದು ಸರಳಗೊಳಿಸಿದರೆ, ಮೊದಲ 12 ವರ್ಷ ವರ್ಷಕ್ಕೆ 52.8 ಕೋಟಿ, ಒಟ್ಟು 633.6 ಕೋಟಿ. ವಸೂಲಾಗಬೇಕಾದ 900 ಕೋಟಿಯಲ್ಲಿ ಉಳಿಯುವುದು 266.4 ಕೋಟಿ. ಅದನ್ನು 13 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ಸುಮಾರು 20.5 ಕೋಟಿ. ಹದಿಮೂರನೆಯ ವರ್ಷ ಸವಕಳಿ ಒಮ್ಮೆಲೇ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. 2024ರ ನಿಯಮ ಈ ಇಳಿಜಾರನ್ನು ಸ್ವಲ್ಪ ಸಮಗೊಳಿಸಿತು. 2024ರ ಏಪ್ರಿಲ್ 1ರಿಂದೀಚೆಗೆ ಆರಂಭವಾಗುವ ಯೋಜನೆಗಳಿಗೆ ಮೊದಲ ಹಂತ 15 ವರ್ಷ, ಮುಖ್ಯ ಯಂತ್ರಗಳ ದರ ಶೇ. 4.22. ಅದೇ ಸ್ಥಾವರಕ್ಕೆ ಈ ದರ ಹಾಕಿದರೆ 15 ವರ್ಷ 42.2 ಕೋಟಿಯಂತೆ 633 ಕೋಟಿ, ಉಳಿದ ಹತ್ತು ವರ್ಷ 26.7 ಕೋಟಿಯಂತೆ 267 ಕೋಟಿ. ಒಟ್ಟು ಮೊತ್ತ ಅದೇ 900. ಬದಲಾದದ್ದು ಯಾವ ವರ್ಷದ ಗ್ರಾಹಕರು ಎಷ್ಟು ಹೊರುತ್ತಾರೆ ಎಂಬುದು.

ಗ್ರಾಹಕ: ಮೊದಲ ವರ್ಷಗಳಲ್ಲಿ ಹೆಚ್ಚು ಕೊಡುವ ಗ್ರಾಹಕರಿಗೆ ಅದರಿಂದ ಏನಾದರೂ ಪ್ರಯೋಜನವುಂಟೇ?

ಲೆಕ್ಕಿಗ: ಬಡ್ಡಿಯಲ್ಲಿ ಉಂಟು. ಆ ವರ್ಷ ಅನುಮತಿಸಿದ ಸವಕಳಿಯಷ್ಟೇ ಅಸಲು ತೀರಿತೆಂದು ಆಯೋಗ ಲೆಕ್ಕ ಹಿಡಿಯುತ್ತದೆ. ಕಂಪನಿ ನಿಜವಾಗಿ ಕಡಿಮೆ ತೀರಿಸಿದ್ದರೂ ಉಳಿದ ಸಾಲಕ್ಕೆ ಗ್ರಾಹಕರಿಂದ ಬಡ್ಡಿ ಕೇಳುವಂತಿಲ್ಲ. ಉದಾಹರಣೆಯ ಸ್ಥಾವರಕ್ಕೆ ಶೇ. 5.28ರ ದರ, ಬಡ್ಡಿ ಶೇ. 10 ಎಂದುಕೊಂಡರೆ, ಮೊದಲ ವರ್ಷ ಸಾಲ 700ರಿಂದ 647.2 ಕೋಟಿಗೆ ಇಳಿಯುತ್ತದೆ. ಸರಾಸರಿ ಸಾಲದ ಮೇಲೆ ಬಡ್ಡಿ 67.36 ಕೋಟಿ. ಹನ್ನೆರಡನೆಯ ವರ್ಷ ಸಾಲ 119.2ರಿಂದ 66.4 ಕೋಟಿಗೆ ಇಳಿದಿರುತ್ತದೆ, ಬಡ್ಡಿ 9.28 ಕೋಟಿ ಮಾತ್ರ. ಸವಕಳಿ ಬೇಗ ವಸೂಲಾದರೆ ಬಡ್ಡಿಯ ಹೊರೆ ಬೇಗ ಇಳಿಯುತ್ತದೆ, ನಿಧಾನವಾದರೆ ಬಡ್ಡಿ ಬೆಳೆಯುತ್ತದೆ. ದರದಲ್ಲಿ ಸವಕಳಿಯನ್ನು ಬಡ್ಡಿಯ ಜೊತೆಗಿಟ್ಟೇ ಅಳೆಯಬೇಕು.

ಗ್ರಾಹಕ: ಸಾಲ ತೀರಿದ ಮೇಲೂ ಸವಕಳಿ ಮುಂದುವರಿಯುತ್ತದಲ್ಲ. ಆ ಹಣ ಎಲ್ಲಿ ಹೋಗುತ್ತದೆ?

ಲೆಕ್ಕಿಗ: ಈ ಪ್ರಶ್ನೆಗೆ ಎಲ್ಲರೂ ಒಪ್ಪುವ ಉತ್ತರ ಇನ್ನೂ ಸಿಕ್ಕಿಲ್ಲ. 900 ಕೋಟಿಯಲ್ಲಿ 700 ಸಾಲಕ್ಕೆ ಹೋದರೆ ಉಳಿದ 200 ಕೋಟಿ ಮಾಲೀಕರ 300 ಕೋಟಿ ಬಂಡವಾಳದಲ್ಲಿ ವಾಪಸಾದ ಭಾಗ. ವಾಪಸಾದ ಬಂಡವಾಳಕ್ಕೆ ಪ್ರತಿಫಲ ನಿಲ್ಲಬೇಕೆಂಬುದು ಸಹಜ ತರ್ಕ. ಕೇಂದ್ರ ಆಯೋಗದ ವಿಧಾನದಲ್ಲಿ ಬಾಳಿಕೆಯ ಅವಧಿಯೊಳಗೆ ಸವಕಳಿ ಬಂದಂತೆ ಬಂಡವಾಳದ ಮೊತ್ತವನ್ನು ಇಳಿಸುವುದಿಲ್ಲ. ಶಾಖೋತ್ಪನ್ನ ಸ್ಥಾವರಕ್ಕೆ ಪ್ರತಿಫಲದ ಮೂಲ ದರ ಶೇ. 15.5 ಇರುವಾಗ, ಕೊನೆಯ ವರ್ಷದಲ್ಲೂ 300 ಕೋಟಿಯ ಮೇಲೆ 46.5 ಕೋಟಿ ಸೇರುತ್ತಲೇ ಇರುತ್ತದೆ. ಹಳೆಯ ಸ್ಥಾವರಗಳು ಚಾಲೂ ಇರಲು, ಹೊಸ ಯೋಜನೆಗೆ ಹಣ ಕೂಡಲು ಇದು ಬೇಕೆಂದು ಕಂಪನಿಗಳು ವಾದಿಸುತ್ತವೆ. ಒಮ್ಮೆ ಹಿಂತಿರುಗಿಸಿದ ಹಣಕ್ಕೆ ಮತ್ತೆ ಪ್ರತಿಫಲ ತೆರಬೇಕಾಗುತ್ತದೆ ಎಂಬುದು ಗ್ರಾಹಕರ ಕಡೆಯ ಆಕ್ಷೇಪ. ಸವಕಳಿ ಕಳೆದು ಉಳಿದ ಆಸ್ತಿಯ ಮೇಲೆ ಮಾತ್ರ ಪ್ರತಿಫಲ ಕೊಡುವ ಇನ್ನೊಂದು ವಿಧಾನವಿದೆ. ಅಮೆರಿಕದ ರಾಜ್ಯ ಆಯೋಗಗಳು ನಡೆಸಿಕೊಂಡು ಬಂದದ್ದು ಅದನ್ನೇ. ಒಂದು ರೂಪಾಯಿ ಒಂದೇ ಸಲ ಎಂಬ ನಿಯಮಕ್ಕೆ ಆ ವಿಧಾನವೇ ಹೆಚ್ಚು ಹತ್ತಿರ.

ಗ್ರಾಹಕ: ಪೂರ್ತಿ ಸವಕಳಿಯಾದ ಸ್ಥಾವರ ಮತ್ತೂ ಓಡುತ್ತಿದ್ದರೆ?

ಲೆಕ್ಕಿಗ: ಶೇ. 90 ವಸೂಲಾದ ಮೇಲೆ ಸವಕಳಿ ನಿಲ್ಲುತ್ತದೆ. ಅದರಿಂದ ಇಳಿಯುವ ದರದ ಲಾಭ ಗ್ರಾಹಕರಿಗೇ ಸಿಗಬೇಕೆಂದು 2016ರ ರಾಷ್ಟ್ರೀಯ ದರ ನೀತಿಯೂ ಹೇಳಿದೆ. ಜಲವಿದ್ಯುತ್ತಿನಲ್ಲಿ ಈ ಲಾಭ ಚೆನ್ನಾಗಿ ಕಾಣುತ್ತದೆ. 1902ರಲ್ಲಿ ಆರಂಭವಾದ ಶಿವನಸಮುದ್ರ ಸ್ಥಾವರ ಶತಮಾನ ದಾಟಿ ಬಾಳಿತು. 1960ರ ದಶಕದಲ್ಲಿ ಉತ್ಪಾದನೆ ಶುರುಮಾಡಿದ 1035 ಮೆಗಾವಾಟಿನ ಶರಾವತಿ ಸ್ಥಾವರದ ವಿದ್ಯುತ್ ಇಂದಿಗೂ ಕರ್ನಾಟಕಕ್ಕೆ ಸಿಗುವ ಅತಿ ಅಗ್ಗದ ವಿದ್ಯುತ್ತಿನಲ್ಲಿ ಸೇರುತ್ತದೆ. ಇಂಧನದ ಖರ್ಚಿಲ್ಲ. ಅಂದಿನ ಬೆಲೆಯಲ್ಲಿ ಕಟ್ಟಿದ್ದರಿಂದ ಮೂಲವೆಚ್ಚವೂ ಇಂದಿನ ಅಳತೆಗೆ ಚಿಕ್ಕದು, ಅದನ್ನು ಹಿಂದಿನ ತಲೆಮಾರು ತೆತ್ತಾಗಿದೆ. ಅಂಥ ಸ್ಥಾವರವನ್ನು ಇಂದಿನ ಬೆಲೆಗೆ ಮರುಮೌಲ್ಯಮಾಪನ ಮಾಡಿ ಮತ್ತೆ ಸವಕಳಿ ಕೇಳಿದರೆ ತಂದೆ ತೀರಿಸಿದ ಸಾಲವನ್ನು ಮಗನಿಂದ ಮತ್ತೆ ವಸೂಲು ಮಾಡಿದಂತೆ. ಅದಕ್ಕೇ ಇಲ್ಲಿನ ಲೆಕ್ಕ ಮೂಲವೆಚ್ಚವನ್ನು ಬಿಟ್ಟು ಕದಲುವುದಿಲ್ಲ.

ಗ್ರಾಹಕ: ಬೆಲೆಗಳು ಏರಿರುವಾಗ ಮೂಲವೆಚ್ಚವನ್ನಷ್ಟೇ ವಸೂಲು ಮಾಡಿದರೆ ಹೊಸ ಯಂತ್ರ ಕೊಳ್ಳಲು ಸಾಲುತ್ತದೆಯೇ?

ಲೆಕ್ಕಿಗ: ಸಾಲುವುದಿಲ್ಲ, ಸಾಲಬೇಕೆಂಬ ಉದ್ದೇಶವೂ ಇಲ್ಲಿಲ್ಲ. ಸವಕಳಿ ಹಳೆಯ ಹೂಡಿಕೆಯನ್ನು ಹಿಂತಿರುಗಿಸುತ್ತದೆ. ಹೊಸ ಯಂತ್ರಕ್ಕೆ ಹೊಸ ಸಾಲ, ಹೊಸ ಬಂಡವಾಳ ಬರಬೇಕು, ಅದರ ಸವಕಳಿಯನ್ನು ಆ ಯಂತ್ರದ ಸೇವೆ ಪಡೆಯುವವರು ತೆರುತ್ತಾರೆ. ಬ್ರಿಟನ್ನಿನಲ್ಲಿ ನೀರು ಮತ್ತು ವಿದ್ಯುತ್ ಜಾಲದ ಕಂಪನಿಗಳ ಆಸ್ತಿ ಮೌಲ್ಯವನ್ನು ಹಣದುಬ್ಬರಕ್ಕೆ ತಕ್ಕಂತೆ ವರ್ಷವರ್ಷ ಏರಿಸಿ ಆ ಮೊತ್ತಕ್ಕೆ ಸವಕಳಿ ಲೆಕ್ಕ ಹಾಕುವುದುಂಟು. ಅಲ್ಲಿ ಪ್ರತಿಫಲದ ದರವನ್ನು ಹಣದುಬ್ಬರ ಬಿಟ್ಟು ಕಟ್ಟುತ್ತಾರೆ. ಇಲ್ಲಿನ ಪ್ರತಿಫಲದ ದರದಲ್ಲಿ ಹಣದುಬ್ಬರ ಸೇರಿಯೇ ಇದೆ. ಎರಡೂ ಕಡೆ ಹಣದುಬ್ಬರ ಸೇರಿದರೆ ಗ್ರಾಹಕರಿಗೆ ಎರಡು ಸಲ ಪೆಟ್ಟು.

ಗ್ರಾಹಕ: ಉತ್ಪಾದನಾ ಸ್ಥಾವರ ಒಂದೇ ದೊಡ್ಡ ಆಸ್ತಿ. ಎಸ್ಕಾಂಗಳಲ್ಲಿ ಲಕ್ಷಗಟ್ಟಲೆ ಕಂಬ, ತಂತಿ, ಟಿ.ಸಿ. (ಟ್ರಾನ್ಸ್‌ಫಾರ್ಮರು), ಮೀಟರುಗಳಿವೆ. ಒಂದೊಂದಕ್ಕೂ ಪ್ರತ್ಯೇಕ ಲೆಕ್ಕ ಇಡುತ್ತಾರೆಯೇ?

ಲೆಕ್ಕಿಗ: ವರ್ಗವಾರು ಇಡುತ್ತಾರೆ. ಕೇಂದ್ರ ಆಯೋಗದ 2009ರ ಅನುಬಂಧದಲ್ಲಿ ಟ್ರಾನ್ಸ್‌ಫಾರ್ಮರು, ಮೀಟರುಗಳಿಗೆ ಶೇ. 5.28, ಕಟ್ಟಡಗಳಿಗೆ ಶೇ. 3.34, ಪೀಠೋಪಕರಣಗಳಿಗೆ ಶೇ. 6.33, ವಾಹನಗಳಿಗೆ ಶೇ. 9.5, ಕಂಪ್ಯೂಟರುಗಳಿಗೆ ಶೇ. 15 ಎಂಬಂತೆ ದರಗಳಿವೆ. ರಾಷ್ಟ್ರೀಯ ದರ ನೀತಿಯ ಪ್ರಕಾರ ವಿತರಣೆಗೂ ಈ ದರಗಳೇ ತಕ್ಕ ಮಾರ್ಪಾಡಿನೊಂದಿಗೆ ಅನ್ವಯಿಸಬೇಕು. ಅಮೆರಿಕದಲ್ಲಿ ದಾರಿ ಬೇರೆ. ಅಲ್ಲಿ ಕಂಪನಿಗಳು ಕೆಲವು ವರ್ಷಗಳಿಗೊಮ್ಮೆ ಸವಕಳಿ ಅಧ್ಯಯನ ನಡೆಸಿ ಆಯೋಗಕ್ಕೆ ಒಪ್ಪಿಸುತ್ತವೆ. ಯಾವ ವರ್ಷ ನೆಟ್ಟ ಕಂಬಗಳಲ್ಲಿ ಯಾವ ವಯಸ್ಸಿಗೆ ಎಷ್ಟು ತೆಗೆದುಹಾಕಬೇಕಾಯಿತು ಎಂಬ ದಾಖಲೆಯಿಂದ ಇಡೀ ಗುಂಪಿನ ಸರಾಸರಿ ಬಾಳಿಕೆಯನ್ನು ಕಂಡುಹಿಡಿಯುತ್ತಾರೆ. ಇದಕ್ಕೆ ನೆರವಾಗುವುದು 1930ರ ದಶಕದಲ್ಲಿ ಅಯೋವಾ ರಾಜ್ಯದ ಕಾಲೇಜಿನಲ್ಲಿ ರಾಬ್ಲಿ ವಿನ್‌ಫ್ರಿ ಮತ್ತಿತರರು ರೂಪಿಸಿದ ಅಯೋವಾ ವಕ್ರರೇಖೆಗಳು. ಒಂದು ಕಂಬ ಹತ್ತು ವರ್ಷಕ್ಕೇ ಬೀಳಬಹುದು, ಇನ್ನೊಂದು ಅರವತ್ತು ವರ್ಷ ನಿಲ್ಲಬಹುದು. ಗುಂಪಿನ ಲೆಕ್ಕದಲ್ಲಿ ಅವು ಸರಿದೂಗುತ್ತವೆ, ಬೇಗ ಬಿದ್ದ ಕಂಬಕ್ಕೆ ಪ್ರತ್ಯೇಕ ನಷ್ಟ ಬರೆಯುವುದಿಲ್ಲ. ಗುಜರಿ ಬೆಲೆಯಿಂದ ಕಳಚುವ ಖರ್ಚನ್ನು ಕಳೆದು ನಿವ್ವಳ ಗುಜರಿ ಬೆಲೆ ಹಿಡಿಯುತ್ತಾರೆ. ಕಳಚುವ ಖರ್ಚೇ ಹೆಚ್ಚಾದಾಗ ಅದು ಸೊನ್ನೆಗಿಂತ ಕೆಳಗಿಳಿದು, ಮೂಲವೆಚ್ಚಕ್ಕಿಂತ ಹೆಚ್ಚು ವಸೂಲು ಮಾಡಬೇಕಾಗುವುದೂ ಉಂಟು.

ಗ್ರಾಹಕ: ಬಡಾವಣೆ ಕಟ್ಟಿದವರು ತಮ್ಮ ದುಡ್ಡಿನಲ್ಲಿ ಕಂಬ, ಟಿ.ಸಿ. ಹಾಕಿಸಿ ಎಸ್ಕಾಂಗೆ ಒಪ್ಪಿಸುತ್ತಾರೆ. ಸರ್ಕಾರದ ಅನುದಾನದಲ್ಲೂ ಮಾರ್ಗಗಳು ಬರುತ್ತವೆ. ಅವುಗಳಿಗೂ ಸವಕಳಿ ಕೊಡಬೇಕೇ?

ಲೆಕ್ಕಿಗ: ಕೊಡಬಾರದು. ಆ ಆಸ್ತಿಗೆ ಕಂಪನಿ ಹಣ ಹಾಕಿಲ್ಲ. ನಿವೇಶನ ಕೊಂಡವರು ಒಮ್ಮೆ ತೆತ್ತ ಬೆಲೆಯನ್ನು ದರದಲ್ಲಿ ಮತ್ತೆ ಸೇರಿಸಿದರೆ ಅವರಿಂದ ಎರಡು ಸಲ ಕಿತ್ತಂತಾಗುತ್ತದೆ. ಕರ್ನಾಟಕದ ಆಯೋಗ ಗ್ರಾಹಕರ ವಂತಿಗೆ, ಅನುದಾನಗಳಿಂದಾದ ಆಸ್ತಿಯ ಸವಕಳಿಯನ್ನು ಕಳೆದೇ ಲೆಕ್ಕ ಕಟ್ಟುತ್ತದೆ. ಕಂಪನಿಯ ವಾರ್ಷಿಕ ಲೆಕ್ಕಪತ್ರದಲ್ಲಿ ಪೂರ್ತಿ ಸವಕಳಿ ಕಾಣಬಹುದು. ಅಲ್ಲಿ ಅನುದಾನದ ಒಂದು ಪಾಲನ್ನು ವರ್ಷವರ್ಷ ಆದಾಯವೆಂದು ತೋರಿಸಿ ಸರಿದೂಗಿಸುತ್ತಾರೆ.

ಗ್ರಾಹಕ: ಬಾಳಿಕೆ ಮುಗಿಯುವ ಮೊದಲೇ ಆಸ್ತಿಯನ್ನು ತೆಗೆದುಹಾಕಿದರೆ? ಚೆನ್ನಾಗಿ ಓಡುತ್ತಿರುವ ಮೀಟರು ಕಿತ್ತು ಸ್ಮಾರ್ಟ್ ಮೀಟರು ಹಾಕುವಂತೆ?

ಲೆಕ್ಕಿಗ: ತೆಗೆದ ಆಸ್ತಿಯ ಮೂಲವೆಚ್ಚವನ್ನು ಒಟ್ಟು ಆಸ್ತಿಯಿಂದಲೂ, ಅದರ ಮೇಲೆ ಅದುವರೆಗೆ ವಸೂಲಾದ ಸವಕಳಿಯನ್ನು ಸಂಚಿತ ಸವಕಳಿಯಿಂದಲೂ ಕಳೆಯುತ್ತಾರೆ. ಇದು ಆಗದೆ ಹೋದರೆ ಇಲ್ಲದ ಮೀಟರಿಗೆ ಗ್ರಾಹಕರು ಸವಕಳಿ ತೆರುತ್ತಲೇ ಇರಬೇಕಾಗುತ್ತದೆ. ವಸೂಲಾಗದೆ ಉಳಿದ ಬೆಲೆಯನ್ನು ಯಾರು ಹೊರಬೇಕೆಂಬುದು ಕಷ್ಟದ ಪ್ರಶ್ನೆ. ಕಾನೂನು ಅಥವಾ ಸರ್ಕಾರದ ನೀತಿ ಬದಲಾಗಿ ತೆಗೆಯಬೇಕಾಗಿ ಬಂದರೆ ಕಂಪನಿಯ ತಪ್ಪಿಲ್ಲ, ಉಳಿದದ್ದನ್ನು ದರದಲ್ಲಿ ಕೊಡಬೇಕೆಂಬ ವಾದಕ್ಕೆ ಬಲವಿದೆ. ಕಳಪೆ ಖರೀದಿ, ನಿರ್ವಹಣೆಯ ಲೋಪದಿಂದ ಹಾಳಾದದ್ದರ ನಷ್ಟವನ್ನು ಕಂಪನಿಯೇ ಹೊರಬೇಕು. ಕಲ್ಲಿದ್ದಲಿನ ಸ್ಥಾವರಗಳನ್ನು ಅವಧಿಗೆ ಮುಂಚೆ ಮುಚ್ಚುವ ಮಾತು ಬಂದಾಗಲೆಲ್ಲ ಈ ಪ್ರಶ್ನೆ ದೊಡ್ಡ ರೂಪದಲ್ಲಿ ಏಳುತ್ತದೆ.

ಗ್ರಾಹಕ: ಕಂಪನಿ ಕಾಯ್ದೆ, ಆದಾಯ ತೆರಿಗೆ ಕಾನೂನುಗಳಲ್ಲೂ ಸವಕಳಿಯ ನಿಯಮಗಳಿವೆ. ಅವೆಲ್ಲ ಒಂದೇ ಅಂಕಿಗೆ ಬರುತ್ತವೆಯೇ?

ಲೆಕ್ಕಿಗ: ಮೂರೂ ಬೇರೆಬೇರೆ ಉದ್ದೇಶದ ಲೆಕ್ಕಗಳು. ಆದಾಯ ತೆರಿಗೆಯಲ್ಲಿ ಸಾಮಾನ್ಯವಾಗಿ ಇಳಿಕೆ ಮೌಲ್ಯದ ಪದ್ಧತಿ, ಅಂದರೆ ಉಳಿದ ಮೌಲ್ಯದ ಮೇಲೆ ಶೇಕಡಾವಾರು. ವಿದ್ಯುತ್ ಉತ್ಪಾದಕರು ಬಯಸಿದರೆ ಸರಳ ರೇಖಾ ಪದ್ಧತಿ ಆರಿಸಿಕೊಳ್ಳಲು ಅಲ್ಲಿ ಅವಕಾಶವುಂಟು. 2013ರ ಕಂಪನಿ ಕಾಯ್ದೆಯ ಎರಡನೆಯ ಅನುಸೂಚಿ ಬಾಳಿಕೆ ಅವಧಿಗಳನ್ನು ಪಟ್ಟಿ ಮಾಡಿದೆ, ಆದರೆ ಕಾಯ್ದೆಯಿಂದ ಸ್ಥಾಪಿತವಾದ ನಿಯಂತ್ರಣ ಪ್ರಾಧಿಕಾರವು ಲೆಕ್ಕಪತ್ರದ ಉದ್ದೇಶಕ್ಕೆ ಬೇರೆ ಅವಧಿ ಸೂಚಿಸಿದ್ದರೆ ಅದನ್ನೇ ಅನುಸರಿಸಬೇಕೆನ್ನುತ್ತದೆ. ಗ್ರಾಹಕರ ಬಿಲ್ಲಿಗೆ ಸಂಬಂಧಪಟ್ಟದ್ದು ಆಯೋಗದ ಲೆಕ್ಕ ಮಾತ್ರ.

ಗ್ರಾಹಕ: ದರ ನಿಗದಿಯಾಗುವುದು ವರ್ಷ ಶುರುವಾಗುವ ಮೊದಲು. ಆಸ್ತಿ ಸೇರುವುದು ವರ್ಷದುದ್ದಕ್ಕೂ. ಅಂದಾಜು ತಪ್ಪಿದರೆ?

ಲೆಕ್ಕಿಗ: ಲೆಕ್ಕಪರಿಶೋಧನೆಯಾದ ಅಂಕಿಗಳು ಬಂದ ಮೇಲೆ ಆಯೋಗ ಹಿಂದಿನ ವರ್ಷವನ್ನು ಮತ್ತೆ ತೆರೆದು ನೋಡುತ್ತದೆ. 500 ಕೋಟಿಯ ಕಾಮಗಾರಿ ಮುಗಿಯುತ್ತದೆಂದು ಅಂದಾಜಿಸಿ 300 ಕೋಟಿಯದಷ್ಟೇ ಮುಗಿದಿದ್ದರೆ, ಹೆಚ್ಚಾಗಿ ಸೇರಿಸಿದ ಸವಕಳಿ, ಬಡ್ಡಿ, ಪ್ರತಿಫಲಗಳನ್ನು ಮುಂದಿನ ದರದಲ್ಲಿ ಗ್ರಾಹಕರಿಗೆ ಹಿಂತಿರುಗಿಸಬೇಕು. ಕೊರತೆ ಬಿದ್ದಿದ್ದರೆ ಕಂಪನಿಗೆ ಸೇರಿಸಿಕೊಡಬೇಕು.

ಗ್ರಾಹಕ: ಇಷ್ಟು ಸಂಗತಿಗಳಲ್ಲಿ ಸಾಮಾನ್ಯ ಗ್ರಾಹಕರು ಪರಿಶೀಲಿಸಬಹುದಾದದ್ದು ಯಾವುದು?

ಲೆಕ್ಕಿಗ: ದರದ ಅರ್ಜಿಯನ್ನು ಪ್ರಕಟಿಸಿ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕೆಂದು ವಿದ್ಯುಚ್ಛಕ್ತಿ ಕಾಯ್ದೆಯ 64ನೆಯ ಕಲಮು ಹೇಳುತ್ತದೆ. ಆ ವಿಚಾರಣೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಐದು. ಸವಕಳಿ ಕೇಳಿದ ಆಸ್ತಿ ನಿಜವಾಗಿ ಬಳಕೆಗೆ ಬಂದಿದೆಯೇ? ಅನುದಾನ ಮತ್ತು ಗ್ರಾಹಕರ ವಂತಿಗೆಯಿಂದಾದದ್ದನ್ನು ಕಳೆದಿದ್ದಾರೆಯೇ? ತೆಗೆದುಹಾಕಿದ ಆಸ್ತಿಯನ್ನು ಪಟ್ಟಿಯಿಂದ ಇಳಿಸಿದ್ದಾರೆಯೇ? ಶೇ. 90ರ ಮಿತಿ ತಲುಪಿದ ಆಸ್ತಿಗೆ ಮತ್ತೆ ಸವಕಳಿ ಸೇರಿದೆಯೇ? ಸವಕಳಿಯಾಗಿ ಬಂದಷ್ಟು ಸಾಲ ತೀರಿತೆಂದು ಹಿಡಿದು ಬಡ್ಡಿಯನ್ನು ಇಳಿಸಿದ್ದಾರೆಯೇ? ಉತ್ತರಗಳೆಲ್ಲ ಕಂಪನಿಯ ಆಸ್ತಿ ದಾಖಲೆ ಪುಸ್ತಕದಲ್ಲಿ ಸಿಗಬೇಕು. ಆ ಪುಸ್ತಕ ಅಚ್ಚುಕಟ್ಟಾಗಿಲ್ಲದ ಕಡೆ ಆಯೋಗದ ನಿಯಮ ಎಷ್ಟೇ ಬಿಗಿಯಾಗಿದ್ದರೂ ಸವಕಳಿಯ ಅಂಕಿಯನ್ನು ನಂಬಲಾಗದು.